ಚಿತ್ರಕ್ಕೆ ಕ್ರಯ ಹೇಗೆ ಕಟ್ಟುತ್ತಾರೆ?

ತೆಂಗಿನಕಾಯಿಗೆ ಒಂದು ದರ ಇದೆ, ಅಡಿಕೆಗೂ ಇದೆ. ಬಂಗಡೆಗೆ ದಿನಕ್ಕೊಂದು ದರ. ಆದರೆ ಕೈಯಿಂದ ಬರೆದ ಚಿತ್ರದ ಕ್ರಯ ಯಾರು ಹೇಳುವುದು? ಹೊನ್ನಾವರ ಪೇಟೆಯಲ್ಲಿ ಬೋರ್ಡು ಬರೆಯುವ ಒಬ್ಬರನ್ನು ಇದರ ಬಗ್ಗೆ ಕೇಳಿದೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಕಡಿಮೆಯಾಗಿ, ಈಗ ಅವರು ಶರಾವತಿ ಹೊಳೆ, ದೋಣಿ, ಯಕ್ಷಗಾನದ ವೇಷಗಳ ಚಿತ್ರ ಬರೆದು ಮಾರುತ್ತಾರೆ. ಅದರಿಂದಲೇ ಮನೆ ನಡೆಯಬೇಕು.

“ಲೆಕ್ಕ ಸುಲಭ ತಮ್ಮಾ, ಗಿರಾಕಿಗೆ ಹೇಳುದೇ ಕಷ್ಟ” ಅಂದರು.

ಮೊದಲನೆಯದು ವಿಸ್ತೀರ್ಣದ ಲೆಕ್ಕ. ಚಿತ್ರ 24 ಇಂಚು ಉದ್ದ, 18 ಇಂಚು ಅಗಲ ಇದ್ದರೆ 432 ಚದರ ಇಂಚು. ಉದಾಹರಣೆಗೆ ಚದರ ಇಂಚಿಗೆ 5 ರೂ. ಎಂದು ಇಟ್ಟುಕೊಳ್ಳೋಣ. 2160 ರೂ. ಆಯಿತು. ಕ್ಯಾನ್ವಾಸು, ಬಣ್ಣ, ಚೌಕಟ್ಟಿಗೆ 900 ಹೋದರೆ ಉಳಿಯುವುದು 1260. ಬರೆಯಲು 5 ದಿನ ಬೇಕಾದರೆ ದಿನಕ್ಕೆ 252 ರೂ. ಮಾತ್ರ! ನಮ್ಮ ಕಡೆ ತೋಟದ ಕೆಲಸಕ್ಕೆ ಹೋದವರಿಗೂ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಆದ್ದರಿಂದ ಲೆಕ್ಕವನ್ನು ತಿರುಗಿಸಿ ಮಾಡಬೇಕು. ದಿನಕ್ಕೆ 600 ರೂ. ಕೂಲಿ ಬೇಕು ಅಂದರೆ 3000, ಸಾಮಾನಿನ 900 ಸೇರಿ 3900. ಇದನ್ನು 432ರಿಂದ ಭಾಗಿಸಿದರೆ ಚದರ ಇಂಚಿಗೆ ಹತ್ತಿರ ಹತ್ತಿರ 9 ರೂ. ಬರುತ್ತದೆ. ಅದೇ ಅವರ ದರ ಆಗಬೇಕು.

ಇಲ್ಲಿ ಒಂದು ತೊಡಕು ಇದೆ. ಉದ್ದ ಅಗಲ ಎರಡನ್ನೂ ಇಮ್ಮಡಿ ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟು, ಅಂದರೆ 1728 ಚದರ ಇಂಚು. ಕ್ರಯ 15552 ರೂ.ಗೆ ಹಾರುತ್ತದೆ. ಕೆಲಸ ಮಾತ್ರ ನಾಲ್ಕು ಪಟ್ಟು ಆಗುವುದಿಲ್ಲ, ಆಕಾಶ ಬಳಿಯಲು ದೊಡ್ಡ ಬ್ರಶ್ಶು ಸಾಕು. ಅದೇ 8 ಇಂಚು, 6 ಇಂಚಿನ ಸಣ್ಣ ಚಿತ್ರಕ್ಕೆ ಬರೀ 432 ರೂ. ಸಣ್ಣ ವೇಷಕ್ಕೂ ಕಣ್ಣು, ಮೂಗು, ಕಿರೀಟ ಎಲ್ಲ ಬರೆಯಬೇಕಲ್ಲ! ಹಾಗಾಗಿ ಕೆಲವು ಕಲಾವಿದರು ಉದ್ದ ಅಗಲವನ್ನು ಗುಣಿಸದೆ ಕೂಡಿಸುತ್ತಾರೆ. 24 ಮತ್ತು 18 ಸೇರಿ 42 ಇಂಚು. ಇಂಚಿಗೆ 93 ರೂ. ಹಾಕಿದರೆ 3906, ಇಮ್ಮಡಿ ಚಿತ್ರಕ್ಕೆ 7812, ಆ ಸಣ್ಣದಕ್ಕೆ 1302. ನನಗೆ ಇದೇ ನ್ಯಾಯ ಅನ್ನಿಸಿತು. ನಮ್ಮ ಪಾಠದ ಸುತ್ತಳತೆಯ ಅರ್ಧವೇ ಇದು.

ಚೌಕಾಶಿ ಮಾಡುವವರಿಗೆ ಅವರು ಕ್ರಯ ಇಳಿಸುವುದಿಲ್ಲ, ಚಿಕ್ಕ ಚಿತ್ರ ತೋರಿಸುತ್ತಾರೆ. ಒಮ್ಮೆ ಇಳಿಸಿದರೆ ಮೊದಲು ಪೂರ್ತಿ ಕೊಟ್ಟವರಿಗೆ ಬೇಜಾರು. ಚಿತ್ರ ಗೋಡೆ ಮೇಲೆ ಕಾಯಬಲ್ಲದು. ಗುಡಿಗಾರರ ಮಣ್ಣಿನ ಗಣಪತಿ ಹಾಗಲ್ಲ, ಚೌತಿ ಕಳೆದರೆ ಗಿರಾಕಿಯೇ ಇಲ್ಲ.

ಚಿತ್ರವನ್ನು ಅಂಗಡಿಯಲ್ಲೋ ಗ್ಯಾಲರಿಯಲ್ಲೋ ಮಾರಲು ಇಟ್ಟರೆ ಅವರೂ ಪಾಲು ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ಮೂರನೇ ಒಂದು, ಕೆಲವು ಕಡೆ ಅರ್ಧ. ಅದನ್ನೂ ಮೊದಲೇ ಕ್ರಯದಲ್ಲಿ ಸೇರಿಸಬೇಕು. ಮನೆಯಲ್ಲಿ ಕೊಳ್ಳುವವರಿಗೂ ಅದೇ ಕ್ರಯ ಹೇಳಬೇಕು, ಇಲ್ಲದಿದ್ದರೆ ಅಂಗಡಿಗೆ ಯಾರು ಹೋಗುತ್ತಾರೆ? ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆಯಲ್ಲಿ ಕಲಾವಿದರು ಕುಮಾರಕೃಪಾ ರಸ್ತೆಯ ಬದಿಯಲ್ಲಿ ಕುಳಿತು ತಾವೇ ಮಾರುತ್ತಾರೆ. ನೂರಾರು ರೂಪಾಯಿಯ ಚಿತ್ರವೂ ಉಂಟು, ಲಕ್ಷದ್ದೂ ಉಂಟು.

ಲಕ್ಷ ಎಲ್ಲಿಂದ ಬಂತು? ಅದು ಇಂಚಿನ ಲೆಕ್ಕವಲ್ಲ, ಹೆಸರಿನ ಲೆಕ್ಕ. ಬೇಕು ಅನ್ನುವವರು ಹೆಚ್ಚು, ಚಿತ್ರ ಒಂದೇ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಸಾವಿರಾರು ತೆಗೆಸಿದರು. ಹಾಗಾಗಿ ಬಡವರ ಗೋಡೆಗೂ ಅವು ಬಂದವು. ಅವರೇ ಕೈಯಾರೆ ಬರೆದ ‘ಯಶೋದೆ ಮತ್ತು ಕೃಷ್ಣ’ ಚಿತ್ರ 2023ರ ಹರಾಜಿನಲ್ಲಿ 38 ಕೋಟಿ ರೂ.ಗೆ ಹೋಯಿತು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಹಣ ಸೇರಿದ್ದು ಚಿತ್ರ ಇಟ್ಟುಕೊಂಡಿದ್ದವರಿಗೆ.