‘ಗುಳಿಗೆ ಬಿಡಮ್ಮ’ ಎನ್ನುವ ಮಗ

ಪ್ರಶ್ನೆ: ಮೇಡಂ, ನನಗೆ 61 ವರ್ಷ. ಒಬ್ಬನೇ ಮಗ, ಲಾಸ್ ಏಂಜಲೀಸಿನಲ್ಲಿ ಸಾಫ್ಟ್‌ವೇರ್ ಕೆಲಸ. ಡಿವೋರ್ಸ್ ಆದ ಮೇಲೆ ತೀರಾ ಒಂಟಿಯಾಗಿದ್ದ. ಆಗ ಯಾರೋ ಸೈಂಟಾಲಜಿ ಚರ್ಚಿಗೆ ಕರೆದುಕೊಂಡು ಹೋದರಂತೆ. ಕಳೆದ ವರ್ಷ ನಾನು ಅಲ್ಲಿಗೆ ಹೋಗಿದ್ದಾಗ ಎರಡು ತಗಡಿನ ಡಬ್ಬಿ ಕೈಗೆ ಕೊಟ್ಟು, ಮೀಟರ್ ನೋಡುತ್ತ ‘ಹಳೆಯ ನೋವು ಯಾವುದಾದರೂ ನೆನಪಿಸಿಕೋ ಅಮ್ಮ’ ಎಂದ. ಮುಳ್ಳು ಅಲ್ಲಾಡಿತು. ಖಿನ್ನತೆಗೆ ನಾನು ಎಷ್ಟೋ ವರ್ಷದಿಂದ ಗುಳಿಗೆ ನುಂಗುತ್ತಿದ್ದೇನೆ. ಅದನ್ನು ಬಿಡು ಎಂದು ಫೋನ್ ಮಾಡಿದಾಗಲೆಲ್ಲ ಪೀಡಿಸುತ್ತಾನೆ. ಉಳಿತಾಯವೆಲ್ಲ ಅವರ ಕೋರ್ಸುಗಳಿಗೆ ಹೋಯಿತು. ಈಗ ಕೆಲಸ ಬಿಟ್ಟು ‘ಸೀ ಆರ್ಗ್’ ಸೇರುತ್ತಾನಂತೆ. ನನ್ನ ತಮ್ಮ, ‘ಭಾವನಿಗೆ ಸೀರಿಯಸ್ ಅಂತ ಕರೆಸಿ, ಪಾಸ್‌ಪೋರ್ಟ್ ಇಸಿದುಕೊಂಡು ಇನ್ನೊಂದು ಮದುವೆ ಮಾಡಿಬಿಡೋಣ’ ಎನ್ನುತ್ತಾನೆ. ದಿಕ್ಕೇ ತೋಚುತ್ತಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಗುಳಿಗೆಯ ಮಾತು, ಉಳಿದದ್ದು ಆಮೇಲೆ. ಗುಳಿಗೆ ಬಿಡಬೇಡಿ. ಈ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಶುರುವಾಗಬಹುದು, ಕಾಯಿಲೆಯೇ ಮರುಕಳಿಸಬಹುದು. ಕಡಿಮೆ ಮಾಡುವುದಿದ್ದರೂ ನಿಮ್ಮ ಡಾಕ್ಟರು ಹೇಳಲಿ. ಮಗ ಮತ್ತೆ ಕೇಳಿದರೆ ‘ಅದು ನನಗೂ ಡಾಕ್ಟರಿಗೂ ಬಿಟ್ಟದ್ದು ಕಣಪ್ಪ’ ಎಂದು ಮಾತು ಬದಲಿಸಿ. ಆ ಹಟ ಅವನ ತಲೆಯಲ್ಲಿ ಹುಟ್ಟಿದ್ದಲ್ಲ. ಸೈಂಟಾಲಜಿಯ ಸ್ಥಾಪಕ ಎಲ್. ರಾನ್ ಹಬಾರ್ಡ್‌ಗೆ ಮನೋವೈದ್ಯರೆಂದರೆ ಆಗುತ್ತಿರಲಿಲ್ಲ. ಅವರ ವಿರುದ್ಧ ಪ್ರಚಾರ ಮಾಡುವುದಕ್ಕೆಂದೇ ಸೈಂಟಾಲಜಿ 1969ರಲ್ಲಿ ಬೇರೆ ಸಂಘಟನೆಯನ್ನೇ ಹುಟ್ಟುಹಾಕಿತು.

ಮುಳ್ಳು ಅಲ್ಲಾಡಿದ್ದು ಸುಳ್ಳಲ್ಲ. ಆ ಯಂತ್ರಕ್ಕೆ ಇ-ಮೀಟರ್ ಎನ್ನುತ್ತಾರೆ. ಡಬ್ಬಿಗಳ ಮೂಲಕ ತೀರ ಸಣ್ಣ ವಿದ್ಯುತ್ ಹರಿಯುತ್ತದೆ; ಅಂಗೈ ಬೆವರಿದರೂ, ಹಿಡಿತ ಸ್ವಲ್ಪ ಬಿಗಿಯಾದರೂ ಮುಳ್ಳು ಸರಿಯುತ್ತದೆ. ಮಗ ಎದುರು ಕೂತು ಹಳೆಯ ನೋವು ಕೆದಕಿದರೆ ಯಾವ ತಾಯಿಯ ಅಂಗೈ ತಾನೇ ಒಣಗಿರುತ್ತದೆ? 1971ರಲ್ಲಿ ಅಮೆರಿಕದ ಫೆಡರಲ್ ಕೋರ್ಟೊಂದು, ಇದು ಯಾವ ರೋಗದ ಪತ್ತೆಗೂ ಚಿಕಿತ್ಸೆಗೂ ಬರುವುದಿಲ್ಲ ಎಂಬ ಎಚ್ಚರಿಕೆಯನ್ನು ಮೀಟರಿನ ಮೇಲೆ ಹಾಕಬೇಕೆಂದು ಆದೇಶಿಸಿತ್ತು.

ಸೈಂಟಾಲಜಿ ಧರ್ಮವೇ, ಮೋಸವೇ ಎಂದು ಮಗನೊಂದಿಗೆ ವಾದಕ್ಕೆ ಇಳಿಯಬೇಡಿ. ಅಮೆರಿಕದ ತೆರಿಗೆ ಇಲಾಖೆ 1993ರಲ್ಲಿ ಇದಕ್ಕೆ ಧಾರ್ಮಿಕ ಸಂಸ್ಥೆಯ ವಿನಾಯಿತಿ ಕೊಟ್ಟಿತು; 2009ರಲ್ಲಿ ಪ್ಯಾರಿಸ್ಸಿನ ಕೋರ್ಟು ಅಲ್ಲಿನ ಶಾಖೆ ವಂಚನೆ ಮಾಡಿದೆ ಎಂದು ತೀರ್ಪಿತ್ತಿತು. ದೇಶಗಳೇ ಒಮ್ಮತಕ್ಕೆ ಬಂದಿಲ್ಲ, ಫೋನಿನಲ್ಲಿ ನೀವಿಬ್ಬರು ಬರುತ್ತೀರಾ? ಏಳೂವರೆ ಕೋಟಿ ವರ್ಷದ ಹಿಂದೆ ಜೀನು ಎಂಬ ಅಂತರಿಕ್ಷದ ದೊರೆ ಇದ್ದನೆಂದು ಮೇಲಿನ ಹಂತದವರಿಗೆ ಮಾತ್ರ ಗುಟ್ಟಾಗಿ ಕಲಿಸುತ್ತಾರೆ. ಅದರ ವಿಡಿಯೋ ಹುಡುಕಿ ಮಗನಿಗೆ ಫಾರ್ವರ್ಡ್ ಮಾಡಿ ನಗಾಡಬೇಡಿ. ವಿಚಿತ್ರ ನಂಬಿಕೆ ಯಾರ ಮನೆಯಲ್ಲಿಲ್ಲ? ನನಗೆ ಆತಂಕ ತರುವುದು ದುಡ್ಡಿನ ಮಾತು, ಫೈಲಿನ ಮಾತು, ಬಿಟ್ಟುಬರುವವರನ್ನು ನಡೆಸಿಕೊಳ್ಳುವ ರೀತಿ.

ಫೈಲು ಎಂದರೆ, ‘ಆಡಿಟಿಂಗ್’ನಲ್ಲಿ ಡಬ್ಬಿ ಹಿಡಿದು ಕೂತವರು ಹೇಳಿಕೊಂಡದ್ದೆಲ್ಲ ಬರಹಕ್ಕಿಳಿದು ಕಡತವಾಗುತ್ತದೆ. ಡಿವೋರ್ಸಿನ ಗುಟ್ಟುಗಳೂ ಅಲ್ಲಿರಬಹುದು. ಎದ್ದು ಬರುವ ಮನಸ್ಸಿದ್ದರೂ ಕಾಲು ಹಿಂದೇಟು ಹಾಕುವುದಕ್ಕೆ ಇದೊಂದೇ ಸಾಕು. ಜೊತೆಗೆ ಸಂಸ್ಥೆಯನ್ನು ವಿರೋಧಿಸುವವರಿಗೆ ‘ಸಪ್ರೆಸಿವ್ ಪರ್ಸನ್’ ಎಂಬ ಹಣೆಪಟ್ಟಿ ಇದೆ. ಅಂಥವರ ಸಂಪರ್ಕ ಕಡಿದುಕೊಳ್ಳುವುದು ಸದಸ್ಯರ ಸ್ವಂತ ಇಷ್ಟ ಎಂದು ಸಂಸ್ಥೆ ಹೇಳುತ್ತದೆ. ಕಡಿದುಕೊಳ್ಳಲು ತಮ್ಮ ಮೇಲೆ ಒತ್ತಡವಿತ್ತು ಎಂದು ಹೊರಬಂದ ಎಷ್ಟೋ ಜನ ಹೇಳಿದ್ದಾರೆ. ನೀವು ಕೂಗಾಡಿ, ಕಂಪ್ಲೇಂಟ್ ಕೊಡುತ್ತೇನೆ ಎಂದು ಬೆದರಿಸಿದರೆ ಆ ಪಟ್ಟಿಗೆ ನೀವಾಗಿಯೇ ಹೆಸರು ಬರೆಸಿದಂತೆ. ಆಮೇಲೆ ಫೋನೂ ಇರುವುದಿಲ್ಲ.

ಈಗ ನಿಮ್ಮ ತಮ್ಮನ ಉಪಾಯ. ಚೆನ್ನಾಗಿದೆ! ಯಜಮಾನರಿಗೆ ಸೀರಿಯಸ್ ಎಂದು ಸುಳ್ಳು ಹೇಳಿ ಕರೆಸಿದರೆ, ‘ಮನೆಯವರನ್ನು ನಂಬಬೇಡ’ ಎಂದವರ ಮಾತನ್ನು ನೀವೇ ನಿಜ ಮಾಡಿಕೊಟ್ಟ ಹಾಗಾಯಿತು. ಅಮೆರಿಕದಲ್ಲಿ ಬೇರೊಂದು ಚರ್ಚಿನ ಯುವಕನನ್ನು ಹೀಗೇ ಬಲವಂತವಾಗಿ ಕೂಡಿಹಾಕಿ ‘ಸರಿಮಾಡಲು’ ಹೋದವರಿಗೆ 1995ರಲ್ಲಿ ಕೋರ್ಟು ಭಾರಿ ಪರಿಹಾರ ವಿಧಿಸಿತು. ಅದರ ಹೊಡೆತಕ್ಕೆ ಇಂಥ ಪಂಥಗಳ ವಿರುದ್ಧ ಎಚ್ಚರಿಸುತ್ತಿದ್ದ ಕಲ್ಟ್ ಅವೇರ್‌ನೆಸ್ ನೆಟ್‌ವರ್ಕ್ ಎಂಬ ಸಂಸ್ಥೆ ದಿವಾಳಿಯಾಗಿ, ಅದರ ಹೆಸರು ಸೈಂಟಾಲಜಿ ಕಡೆಯವರ ಕೈಸೇರಿತು. ಇನ್ನು ಮದುವೆ. ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ?

ಸೀ ಆರ್ಗ್ ವಿಷಯ ಮಾತ್ರ ತಡಮಾಡುವಂಥದ್ದಲ್ಲ. 1967ರಲ್ಲಿ ಕಟ್ಟಿದ ಪೂರ್ಣಾವಧಿ ಪಡೆ ಅದು. ಸೇರುವವರು ಸಹಿ ಹಾಕುವ ಕರಾರಿನ ಅವಧಿ ನೂರು ಕೋಟಿ ವರ್ಷ! ಜನ್ಮಾಂತರಕ್ಕೂ ಸೇವೆ. ನಡುವೆ ಬಿಟ್ಟವರಿಗೆ, ಅಲ್ಲಿಯವರೆಗೆ ಉಚಿತವಾಗಿ ಕೊಟ್ಟ ಕೋರ್ಸುಗಳ ಬಿಲ್ಲನ್ನು ‘ಫ್ರೀಲೋಡರ್’ ಸಾಲವೆಂದು ಕಳಿಸುತ್ತಾರೆ. ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದರು ಎಂದು ಬಿಟ್ಟುಬಂದ ಕೆಲವರು 2022ರಲ್ಲಿ ಫ್ಲಾರಿಡಾದ ಕೋರ್ಟಿಗೆ ದೂರಿತ್ತರು. ಮಗ ಎಚ್-1ಬಿ ವೀಸಾದಲ್ಲಿದ್ದರೆ ಕೆಲಸ ಬಿಟ್ಟ ಮೇಲೆ ಅಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ.

ಇದನ್ನೆಲ್ಲ ಭಾಷಣದ ಹಾಗೆ ಒಪ್ಪಿಸಬೇಡಿ. ವಾರಕ್ಕೊಮ್ಮೆ ಫೋನ್ ಮಾಡಿ, ಊಟದ ಸುದ್ದಿ, ಓಣಿಯ ಸುದ್ದಿ ಮಾತಾಡಿ. ಅವನನ್ನು ‘ಕ್ಲಿಯರ್’, ಅಂದರೆ ಅವರ ಲೆಕ್ಕದಲ್ಲಿ ಹಳೆಯ ನೋವುಗಳಿಂದ ಮುಕ್ತ, ಆದೆಯಾ ಎಂದು ಕೇಳದವರು ಈಗ ನೀವೊಬ್ಬರೇ ಇರಬಹುದು. ಒಂಟಿತನ ಹೇಗಿದೆ ಎಂದೂ ಕೇಳಿ, ಅವನು ಅಲ್ಲಿಗೆ ಹೋದದ್ದೇ ಅದಕ್ಕೆ. ಮನಸ್ಸು ತಿಳಿಯಾಗಿದ್ದ ದಿನ ಕೇಳಿ: ‘ಒಂದು ವರ್ಷ ಬಿಟ್ಟು ಬೇಡ ಅನಿಸಿದರೆ ಹೊರಗೆ ಬರೋದು ಹೇಗೆ? ವೀಸಾ ಏನಾಗುತ್ತೆ? ವಕೀಲರನ್ನು ಕೇಳಿದೆಯಾ?’ ಅಷ್ಟೇ. ಉತ್ತರಕ್ಕೆ ಒತ್ತಾಯಿಸಬೇಡಿ. ಪಾಸ್‌ಪೋರ್ಟ್ ಅವನ ಹತ್ತಿರವೇ ಇರಲಿ ಎಂದು ಹೇಳಲು ಮರೆಯಬೇಡಿ.

ಹಣ ಕೇಳಿದರೆ ಕೋರ್ಸಿಗೆ ಕೊಡುವುದಿಲ್ಲ, ಬಾಡಿಗೆಗೆ, ಊಟಕ್ಕೆ, ಊರಿಗೆ ಬರುವ ಟಿಕೆಟ್ಟಿಗಾದರೆ ಯಾವತ್ತು ಕೇಳಿದರೂ ಕೊಡುತ್ತೇವೆ ಎಂದು ಯಜಮಾನರೂ ನೀವೂ ಕೂಡಿ ಒಮ್ಮೆ ಸ್ಪಷ್ಟವಾಗಿ ಹೇಳಿ. ಮನೆ ಪತ್ರಕ್ಕೆ ಮಾತ್ರ ಯಾವ ಕಾರಣಕ್ಕೂ ಕೈಹಾಕಬೇಡಿ.