ಎರಡು ದಿನವಲ್ಲ, ಎರಡು ತಿಂಗಳು: ಮರಿಗೆ ಆಸರೆ ಕೊಡುವ ಮುನ್ನ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಚರಂಡಿ ಪಕ್ಕ ಮರಿಗಳಿವೆ, ಯಾರಾದರೂ ಎರಡು ದಿನ ಇಟ್ಟುಕೊಳ್ಳಿ’ ಎಂಬ ಮನವಿಗಳು ತುಂಬಿಹೋಗುತ್ತವೆ. ಸಂಸ್ಥೆಯ ಬೆಂಬಲವಿಲ್ಲದೆ ನಾಯಿ, ಬೆಕ್ಕಿನ ಮರಿಗಳನ್ನು ಎತ್ತಿಕೊಂಡು ಬರುವ ನನ್ನಂಥವರಿಗೆ ಫಾಸ್ಟರ್ ಮನೆಗಳೇ, ಅಂದರೆ ದತ್ತು ಸಿಗುವವರೆಗೆ ಮರಿಯನ್ನು ಇಟ್ಟುಕೊಳ್ಳುವ ಮನೆಗಳೇ, ಆಧಾರ. ಆದರೆ ಆ ಎರಡು ದಿನದ ಮಾತನ್ನು ನಂಬಬೇಡಿ. ಲಸಿಕೆ ಹಾಕಿಸಿ, ಒಳ್ಳೆಯ ಮನೆ ಹುಡುಕುವಷ್ಟರಲ್ಲಿ ಎರಡು ತಿಂಗಳು ಹಿಡಿಯುವುದು ಸಾಮಾನ್ಯ. ಅಷ್ಟಕ್ಕೆ ಸಿದ್ಧರಿದ್ದರೆ ಮಾತ್ರ ಒಪ್ಪಿಕೊಳ್ಳಿ.

ಮೊದಲು ತಾಯಿಯನ್ನು ಹುಡುಕಿ

ಒಂಟಿಯಾಗಿ ಕಂಡ ಮರಿಯೆಲ್ಲ ಅನಾಥವಲ್ಲ. ತಾಯಿ ಆಹಾರ ಹುಡುಕಿ ಹೋಗಿರಬಹುದು. ಮರಿಗಳು ಬೆಚ್ಚಗೆ ಮಲಗಿದ್ದರೆ ದೂರ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಬಂದರೆ ಅದಕ್ಕೆ ಊಟ ಹಾಕಿ, ಅಲ್ಲೇ ಮಳೆ-ಬಿಸಿಲಿಗೆ ಮರೆ ಮಾಡಿಕೊಡಿ.

ಖರ್ಚಿನ ಮಾತು ಮೊದಲೇ ಆಗಲಿ

ಆಹಾರ ಯಾರದು, ವೈದ್ಯರ ಬಿಲ್ ಯಾರದು, ನೀವು ಊರಿಗೆ ಹೋದಾಗ ಮರಿ ಎಲ್ಲಿರಬೇಕು, ದತ್ತು ಮನೆಯನ್ನು ಒಪ್ಪುವವರು ಯಾರು ಎಂಬುದೆಲ್ಲ ಮೆಸೇಜಿನಲ್ಲಾದರೂ ದಾಖಲಾಗಲಿ. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೂ ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ತನ್ನಿ. ಜಗಳವಾದರೆ ಬೀದಿಗೆ ಬೀಳುವುದು ಮರಿ.

14 ದಿನ ಪ್ರತ್ಯೇಕ ಜಾಗ

ಮನೆಯಲ್ಲಿ ಬೇರೆ ನಾಯಿಯಿದ್ದರೆ ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ನಾವು ಅತಿ ಹೆಚ್ಚು ಹೆದರುವುದು ಪಾರ್ವೊ ಕಾಯಿಲೆಗೆ. ನಿನ್ನೆ ಕುಣಿದಾಡುತ್ತಿದ್ದ ಮರಿ ಇಂದು ಮಂಕಾಗಿ, ಊಟ ಬಿಟ್ಟು, ವಾಂತಿ ಮಾಡಿ, ನಾರುವ ರಕ್ತಭೇದಿಗೆ ಇಳಿಯುತ್ತದೆ. ಬೆಳಗಾಗಲಿ ಎಂದು ಕಾಯದೆ ಡ್ರಿಪ್ ಹಾಕಿಸಲು ಓಡಬೇಕು. ಈ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೆಲ ತೊಳೆದು, 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, 10 ನಿಮಿಷ ಬಿಡಿ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ, 16 ವಾರದವರೆಗೆ ಮುಂದುವರಿಯಬೇಕು. ಒಂದೇ ಚುಚ್ಚುಮದ್ದಿಗೆ ‘ಲಸಿಕೆ ಆಗಿದೆ’ ಎನ್ನುವವರಿಂದಲೇ ಎಷ್ಟೋ ಮರಿಗಳು ಸಾಯುತ್ತವೆ.

ನಾಲ್ಕು ವಾರದೊಳಗಿನ ಮರಿಗೆ ಹಸುವಿನ ಹಾಲು ಕೊಟ್ಟರೆ ಭೇದಿಯಾಗುತ್ತದೆ. ನಾಯಿ, ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ಮೈ ತಣ್ಣಗಿರುವ ಮರಿಗೆ ಹಾಲು ಬೇಡ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಮೈ ಬೆಚ್ಚಗಾಗಿಸಿ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅದು ಬೆಕ್ಕಿಗೆ ವಿಷ.

ಮರಿ ಪರಚಿದರೂ ಸರಿ, ಕಚ್ಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ‘ಪುಟ್ಟ ಮರಿ, ಏನಾಗುತ್ತದೆ’ ಎನ್ನಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಫಲಿಸುವುದಿಲ್ಲ.

ಮನೆ ಹುಡುಕುವಾಗ

ಹಗಲಿನ ಬೆಳಕಿನಲ್ಲಿ ತೆಗೆದ ಫೋಟೊ, ವಯಸ್ಸು, ಲಸಿಕೆಯ ವಿವರದ ಜೊತೆಗೆ ‘ಚಪ್ಪಲಿ ಕಚ್ಚುತ್ತದೆ, ರಾತ್ರಿ ಅಳುತ್ತದೆ’ ಎಂಬುದನ್ನೂ ಬರೆಯಿರಿ. ಮುಚ್ಚಿಟ್ಟರೆ ವಾರದಲ್ಲಿ ಮರಿ ವಾಪಸ್ ಬರುತ್ತದೆ. ನಿಮ್ಮ ವಿಳಾಸ ಮಾತ್ರ ಹಾಕಬೇಡಿ, ಗೇಟಿನ ಮುಂದೆ ರಟ್ಟಿನ ಡಬ್ಬದಲ್ಲಿ ಮರಿಗಳನ್ನು ಇಟ್ಟುಹೋಗುತ್ತಾರೆ. ದತ್ತು ಕೇಳಿದವರ ಮನೆಗೆ ಹೋಗಿ, ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ ನೋಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆಂದು ಬರೆದುಕೊಡದವರಿಗೆ ಮರಿ ಕೊಡಬೇಡಿ.

ಕರೆ ಮಾಡುವವರಲ್ಲಿ ಹೆಚ್ಚಿನವರು ಕೇಳುವುದು ಗಂಡು ಮರಿ. ಹೆಣ್ಣು ಮರಿಗಳು ಫಾಸ್ಟರ್ ಮನೆಯಲ್ಲೇ ದೊಡ್ಡವಾಗುತ್ತವೆ, ಇಲ್ಲವೇ ಬೀದಿಗೆ ಮರಳಿ ವರ್ಷದೊಳಗೆ ತಾವೇ ಮರಿ ಹಾಕುತ್ತವೆ. ಆಸರೆ ಕೊಡುವ ಮನಸ್ಸಿದ್ದರೆ ದಯವಿಟ್ಟು ಹೆಣ್ಣು ಮರಿಯನ್ನೇ ಕೇಳಿ ಪಡೆಯಿರಿ.