ದಸ್ತಗಿರಿಯ ದಾಖಲೆ: ನೋಡುವ ಹಕ್ಕು ಯಾರಿಗೆ? ನಿವಾರಿಸುವ ದಾರಿ ಯಾವುದು?

ವ್ಯಾಪಾರಕ್ಕೆ ಬಂಡವಾಳದಷ್ಟೇ ಅವಶ್ಯವಾದುದು ನಂಬಿಕೆ. ಬ್ಯಾಂಕ್ ಸಾಲ, ಸರ್ಕಾರಿ ಟೆಂಡರ್, ಪಾಸ್‌ಪೋರ್ಟ್, ದೊಡ್ಡ ಕಂಪನಿಯೊಂದಕ್ಕೆ ಸರಬರಾಜುದಾರರಾಗಿ ಸೇರ್ಪಡೆ, ಹೀಗೆ ಅನೇಕ ಸಂದರ್ಭಗಳಲ್ಲಿ ಇಂದು ಉದ್ಯಮಿಯ ಪೊಲೀಸ್ ದಾಖಲೆಯ ಪ್ರಶ್ನೆ ಏಳುತ್ತದೆ. ನಂಜನಗೂಡು ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಿಗೂ ತಿ. ನರಸೀಪುರದ ವರ್ತಕರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಪ್ರಕರಣ ಆರಂಭವಾದ ಸುದ್ದಿ ಊರಿಗೆಲ್ಲ ತಿಳಿಯುತ್ತದೆ. ಅದು ಮುಗಿದ ಸುದ್ದಿ ಯಾರಿಗೂ ತಿಳಿಯುವುದಿಲ್ಲ. ಈ ಅಂತರವನ್ನು ತುಂಬುವ ಹೊಣೆ ಸಂಬಂಧಪಟ್ಟವರ ಮೇಲೆಯೇ ಇದೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

1. ದೂರು ಬೇರೆ, ದಸ್ತಗಿರಿ ಬೇರೆ, ಶಿಕ್ಷೆ ಬೇರೆ

ಪ್ರಥಮ ವರ್ತಮಾನ ವರದಿ, ಅಂದರೆ ಎಫ್.ಐ.ಆರ್., ದಾಖಲಾದ ಮಾತ್ರಕ್ಕೆ ದಸ್ತಗಿರಿ ಆಗಲೇಬೇಕೆಂದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ದಸ್ತಗಿರಿಯು ಯಾಂತ್ರಿಕವಾಗಿ ನಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ತಿಳಿಸಿದೆ. ದಸ್ತಗಿರಿಯ ಅಗತ್ಯವಿಲ್ಲದಿರುವಾಗ ಪೊಲೀಸರು ಹಾಜರಾತಿಗೆ ನೋಟಿಸು ನೀಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ನಿಯಮ 35ನೇ ಕಲಮಿನಲ್ಲಿದೆ. ಚೆಕ್ ಅಮಾನ್ಯ ಪ್ರಕರಣಗಳಂತೂ ಸಾಮಾನ್ಯವಾಗಿ ನೇರವಾಗಿ ನ್ಯಾಯಾಲಯಕ್ಕೆ ಸಲ್ಲಿಸುವ ಖಾಸಗಿ ದೂರುಗಳು. ಆದರೆ ಸಮನ್ಸ್ ಬಂದರೂ ಹಾಜರಾಗದೆ ಉಳಿದರೆ ವಾರಂಟ್ ಹೊರಟು ದಸ್ತಗಿರಿಯಾಗುವುದುಂಟು.

2. ಸಾರ್ವಜನಿಕರಿಗೆ ಲಭ್ಯವಿರುವುದೆಷ್ಟು?

ದಸ್ತಗಿರಿ ಗುಟ್ಟಾಗಿ ನಡೆಯಬಾರದು. ಬಂಧುಗಳಿಗೆ ತಿಳಿಯಬೇಕು ಎಂಬ ತತ್ವವನ್ನು 1996ರ ಡಿ.ಕೆ. ಬಸು ತೀರ್ಪು ಸ್ಥಾಪಿಸಿತು. ಸಂಹಿತೆಯ 37ನೇ ಕಲಮಿನ ಪ್ರಕಾರ ದಸ್ತಗಿರಿಯಾದವರ ಹೆಸರು, ವಿಳಾಸ ಹಾಗೂ ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು.

ಎಫ್.ಐ.ಆರ್. ಪ್ರತಿಯನ್ನು 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಸಂಪರ್ಕದ ಅಡಚಣೆಯಿರುವೆಡೆ ಗರಿಷ್ಠ 72 ಗಂಟೆ. ಲೈಂಗಿಕ ಅಪರಾಧ, ಭಯೋತ್ಪಾದನೆ ಮುಂತಾದ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯಿದೆ. ನ್ಯಾಯಾಲಯದ ಹಂತಕ್ಕೆ ಬಂದ ಪ್ರಕರಣಗಳನ್ನು ಇ-ಕೋರ್ಟ್ಸ್ ಸೇವೆಯಲ್ಲಿ ಪಕ್ಷಗಾರರ ಹೆಸರಿನಿಂದಲೇ ಹುಡುಕಬಹುದು.

ತಮ್ಮ ಬಗ್ಗೆ ಅಧಿಕೃತ ಪತ್ರ ಬೇಕಾದವರು ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು ಮೈಸೂರು ಜಿಲ್ಲಾ ಪೊಲೀಸ್ ಅಧೀಕ್ಷಕರ ವ್ಯಾಪ್ತಿಗೆ ಸೇರಿವೆ. ಮೈಸೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗಲ್ಲ. ಅರ್ಜಿಯಲ್ಲಿ ವಾಸಸ್ಥಳದ ಠಾಣೆಯನ್ನು ಸರಿಯಾಗಿ ನಮೂದಿಸಬೇಕು.

3. ಅಳಿಸುವ ಅವಕಾಶವಿದೆಯೇ?

ಅಮೆರಿಕದ ಅನೇಕ ರಾಜ್ಯಗಳಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಹಳೆಯ ದಸ್ತಗಿರಿಯ ದಾಖಲೆಯನ್ನು ಅಳಿಸಿಹಾಕಿಸುವ ವ್ಯವಸ್ಥೆಯುಂಟು. ನಮ್ಮಲ್ಲಿ ಅಂತಹ ಸಾಮಾನ್ಯ ಕಾನೂನಿಲ್ಲ. ಇರುವುದು ಪ್ರಕರಣವನ್ನು ಕಾನೂನುಬದ್ಧವಾಗಿ ಮುಕ್ತಾಯಗೊಳಿಸುವ ಮಾರ್ಗಗಳು:

(ಅ) ಬಿ ರಿಪೋರ್ಟ್: ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದೆಂದು ತನಿಖೆಯಲ್ಲಿ ಕಂಡುಬಂದರೆ ಪೊಲೀಸರು ಸಲ್ಲಿಸುವ ಅಂತಿಮ ವರದಿ. ದೂರುದಾರರಿಗೆ ಆಕ್ಷೇಪಿಸುವ ಅವಕಾಶವಿರುತ್ತದೆ. ಮ್ಯಾಜಿಸ್ಟ್ರೇಟರು ಅಂಗೀಕರಿಸಿದ ಮೇಲೆಯೇ ಅದಕ್ಕೆ ಬಲ.

(ಆ) ರಾಜಿ: ಸಂಹಿತೆಯ 359ನೇ ಕಲಮಿನಲ್ಲಿ ಹೇಳಿದ ಅಪರಾಧಗಳನ್ನು ರಾಜಿ ಮಾಡಿಕೊಳ್ಳಬಹುದು. ಹಾಗೆ ಆದ ರಾಜಿಗೆ ಖುಲಾಸೆಯ ಪರಿಣಾಮವಿದೆ.

(ಇ) ರದ್ದತಿ: ಸಂಹಿತೆಯ 528ನೇ ಕಲಮಿನನ್ವಯ ಹೈಕೋರ್ಟ್ ಎಫ್.ಐ.ಆರ್. ಅನ್ನೇ ರದ್ದುಪಡಿಸಬಹುದು. ನಮ್ಮ ಜಿಲ್ಲೆಯವರು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗಬೇಕು. ಕೇವಲ ಸಿವಿಲ್ ಸ್ವರೂಪದ ವ್ಯವಹಾರ ವ್ಯಾಜ್ಯಕ್ಕೆ ಅಪರಾಧದ ಬಣ್ಣ ಹಚ್ಚಿದ್ದಲ್ಲಿ ಈ ಮಾರ್ಗ ಉಪಯುಕ್ತ.

(ಈ) ಬೆರಳಚ್ಚು, ಛಾಯಾಚಿತ್ರಗಳ ನಾಶ: 2022ರ ಅಪರಾಧ ಪ್ರಕ್ರಿಯಾ (ಗುರುತಿಸುವಿಕೆ) ಕಾಯಿದೆಯಂತೆ ಈ ವಿವರಗಳು 75 ವರ್ಷ ಉಳಿಯುತ್ತವೆ. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿಯು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಅಥವಾ ಮೇಲ್ಮನವಿಯೇ ಮುಂತಾದವು ಮುಗಿದು ಖುಲಾಸೆಯಾದರೆ, ಅವುಗಳನ್ನು ನಾಶಪಡಿಸತಕ್ಕದ್ದು. ನ್ಯಾಯಾಲಯವು ಲಿಖಿತ ಕಾರಣ ನೀಡಿ ಬೇರೆ ಆದೇಶ ಮಾಡಿದ್ದರೆ ಮಾತ್ರ ಇದಕ್ಕೆ ಅಪವಾದ. ನಮ್ಮ ಕಾನೂನಿನಲ್ಲಿ ಅಳಿಸುವಿಕೆಗೆ ಅತಿ ಸಮೀಪವಾದ ಹಕ್ಕು ಇದೇ.

ಹೆಸರನ್ನು ಮರೆಮಾಡುವ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ 2017ರ ಜನವರಿಯ ಆದೇಶವೊಂದು ಗಮನಾರ್ಹ. ಮಹಿಳೆಯೊಬ್ಬರ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಅದು ಸೂಚಿಸಿತು. ಆದೇಶದ ದೃಢೀಕೃತ ನಕಲಿನಲ್ಲಿ ಮಾತ್ರ ಹೆಸರು ಉಳಿಯಿತು. ಇದನ್ನು ಎಲ್ಲರಿಗೂ ಅನ್ವಯಿಸುವ ನಿಯಮವೆಂದು ಭಾವಿಸಬಾರದು.

4. ಒಂದು ಉದಾಹರಣೆ

ತಿ. ನರಸೀಪುರದ ಅಕ್ಕಿ ಗಿರಣಿಯ ಮಾಲೀಕರೊಬ್ಬರ ಮೇಲೆ ಭತ್ತದ ಬಾಕಿ ಹಣದ ಸಂಬಂಧ ವಂಚನೆಯ ಪ್ರಕರಣ ದಾಖಲಾಗಿ, ದೋಷಾರೋಪಣ ಪಟ್ಟಿಯೂ ಸಲ್ಲಿಕೆಯಾಯಿತೆಂದು ಊಹಿಸೋಣ. ಅನಂತರ ಬಾಕಿ ಪಾವತಿಯಾಗಿ ಉಭಯತ್ರರೂ ಒಪ್ಪಿದರು. ಹಣ ಪಡೆದವರು ಠಾಣೆಯಲ್ಲಿ ಹೇಳಿಕೆ ಕೊಟ್ಟರೆ ಸಾಕೆಂದು ತಿಳಿದು ಇಬ್ಬರೂ ಸುಮ್ಮನಾದರೆ ಪ್ರಕರಣ ಜೀವಂತವಾಗಿಯೇ ಇರುತ್ತದೆ. ಹಾಜರಾಗದ ಕಾರಣ ವಾರಂಟೂ ಹೊರಡಬಹುದು. ವಂಚನೆಯು ನ್ಯಾಯಾಲಯದ ಅನುಮತಿಯೊಡನೆ ರಾಜಿಯಾಗತಕ್ಕ ಅಪರಾಧ. ಮ್ಯಾಜಿಸ್ಟ್ರೇಟರ ಮುಂದೆ ರಾಜಿ ದಾಖಲಿಸಿ ಆದೇಶ ಪಡೆದಾಗಲೇ ಆ ಮಾಲೀಕರು ಬಿಡುಗಡೆ ಹೊಂದಿದಂತಾಗುತ್ತದೆ.

5. ಸದಸ್ಯರು ಅನುಸರಿಸಬೇಕಾದ ಕ್ರಮಗಳು

• ಪ್ರಕರಣ ಮುಗಿದ ಕೂಡಲೇ ಆದೇಶದ ದೃಢೀಕೃತ ನಕಲನ್ನು ಪಡೆದು, ಸಂಸ್ಥೆಯ ನೋಂದಣಿ ಪತ್ರಗಳಷ್ಟೇ ಜೋಪಾನವಾಗಿ ಕಾದಿರಿಸಬೇಕು.
• ಅದರ ಪ್ರತಿಯನ್ನು ಠಾಣೆಗೂ ಜಿಲ್ಲಾ ಪೊಲೀಸ್ ಕಚೇರಿಗೂ ಸಲ್ಲಿಸಿ, ದಾಖಲೆಯಲ್ಲಿ ಫಲಿತಾಂಶ ನಮೂದಿಸಲು ಕೋರಿ, ಸ್ವೀಕೃತಿ ಪಡೆಯಬೇಕು.
• ಘೋಷಣಾ ಪತ್ರದಲ್ಲಿ ಕೇಳಿದ್ದನ್ನು ಮುಚ್ಚಿಡಬಾರದು. "ಪ್ರಕರಣ ಬಾಕಿಯಿದೆಯೇ" ಮತ್ತು "ಎಂದಾದರೂ ದಸ್ತಗಿರಿಯಾಗಿತ್ತೇ" ಎಂಬವು ಬೇರೆ ಬೇರೆ ಪ್ರಶ್ನೆಗಳು.
• ಪಾಸ್‌ಪೋರ್ಟ್ ವಿಷಯದಲ್ಲಿ ಅನಗತ್ಯ ಭಯ ಬೇಡ. ಬರಿಯ ಎಫ್.ಐ.ಆರ್. ಇದ್ದ ಮಾತ್ರಕ್ಕೆ ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದೆ ಎಂದಾಗದೆಂದು ವಿದೇಶಾಂಗ ಸಚಿವಾಲಯವು 2019ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಕೊನೆಯದಾಗಿ, ನಾವು ಉದ್ಯೋಗದಾತರೂ ಹೌದು. ಕೆಲಸ ಕೇಳಿ ಬಂದ ಯುವಕನ ಹೆಸರು ಹಳೆಯ ಎಫ್.ಐ.ಆರ್. ಒಂದರಲ್ಲಿ ಕಂಡಿತೆಂದು ಬಾಗಿಲು ಮುಚ್ಚುವ ಮೊದಲು, ಆ ಪ್ರಕರಣ ಏನಾಯಿತು, ಅದಕ್ಕೂ ಈ ಕೆಲಸಕ್ಕೂ ಸಂಬಂಧವೇನು ಎಂದು ವಿಚಾರಿಸುವುದು ನ್ಯಾಯ. ಬ್ಯಾಂಕು ನಮ್ಮನ್ನು ಕೇಳಬೇಕೆಂದು ನಾವು ಬಯಸುವ ಪ್ರಶ್ನೆಯೂ ಅದೇ ಅಲ್ಲವೇ? ನಿರ್ದಿಷ್ಟ ಪ್ರಕರಣಗಳಲ್ಲಿ ಸದಸ್ಯರು ತಮ್ಮ ವಕೀಲರ ಸಲಹೆ ಪಡೆದು ಮುಂದುವರಿಯುವುದು ಸೂಕ್ತ.